ಸಹಾಯಕ ಗರ್ಭಧಾರಣೆಯಲ್ಲಿ ವೈರಸ್ ಸೋಂಕು: ಪರೀಕ್ಷೆ, ಕಾಲ ಮತ್ತು ಕ್ರಮದ ಬಗ್ಗೆ ದಂಪತಿಗಳಿಗೊಂದು ಕೈಪಿಡಿ

ಸಹಾಯಕ ಗರ್ಭಧಾರಣೆಯ ಕೇಂದ್ರದಲ್ಲಿ ಹೆಸರು ಬರೆಸಿದ ಕೂಡಲೇ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಪರೀಕ್ಷೆಗೆ ಕಳುಹಿಸುತ್ತಾರೆ. (ಸಿಫಿಲಿಸ್ ಕೂಡ ಅದೇ ಚೀಟಿಯಲ್ಲಿರುತ್ತದೆ, ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆಯಾದ್ದರಿಂದ ಇಲ್ಲಿ ಅದರ ಮಾತು ಬರುವುದಿಲ್ಲ.) ಬಹುತೇಕರು ಇದನ್ನು ಒಂದು ಶಾಸ್ತ್ರವೆಂಬಂತೆ ಮುಗಿಸಿಬಿಡುತ್ತಾರೆ. ವರದಿ ನೆಗೆಟಿವ್ ಎಂದು ಬಂದರೆ ಅದು ಕಡತ ಸೇರಿ ಮರೆತುಹೋಗುತ್ತದೆ. ಪಾಸಿಟಿವ್ ಎಂದು ಬಂದರೆ ಮಗುವಿನ ಆಸೆಯೇ ಮುಗಿಯಿತೆಂದು ದಂಪತಿಗಳು ಕುಗ್ಗಿಹೋಗುತ್ತಾರೆ. ಮೊದಲನೆಯವರ ನಿಶ್ಚಿಂತೆಗೂ ಎರಡನೆಯವರ ಹತಾಶೆಗೂ ಆಧಾರ ಸಾಲದು ಎಂಬುದನ್ನು ತೋರಿಸಿ, ಚಿಕಿತ್ಸೆಗೆ ಮುನ್ನ ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಹೇಳುವುದು ಈ ಬರಹದ ಉದ್ದೇಶ.

ಈ ಕ್ಷೇತ್ರದಲ್ಲಿ ಸೋಂಕು ನಿಜಕ್ಕೂ ಹರಡಿದ ಸಂದರ್ಭಗಳನ್ನು ಒಮ್ಮೆ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯಾದ ವೈದ್ಯರು 1985ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸೋಂಕಿದೆಯೆಂದು ಯಾರಿಗೂ ತಿಳಿಯದಿದ್ದ ಒಬ್ಬ ದಾನಿಯ ಶೀತಲೀಕರಿಸಿದ ವೀರ್ಯವನ್ನು ಪಡೆದ 8 ಮಹಿಳೆಯರಲ್ಲಿ 4 ಮಂದಿಗೆ ಎಚ್‌ಐವಿ ತಗುಲಿತ್ತು. ಅದೇ ದಶಕದ ಕೊನೆಯ ಹೊತ್ತಿಗೆ ನೆದರ್ಲೆಂಡ್ಸ್‌ನಲ್ಲಿ, ಭ್ರೂಣಗಳನ್ನು ಬೆಳೆಸುವ ಪೋಷಕ ದ್ರವಕ್ಕೆ ಹಲವರ ರಕ್ತದಿಂದ ಒಟ್ಟುಮಾಡಿದ ಸೀರಂ (ರಕ್ತದ ತಿಳಿಭಾಗ) ಬೆರೆಸಿದ್ದರಿಂದ ಅನೇಕ ಮಹಿಳೆಯರಿಗೆ ಹೆಪಟೈಟಿಸ್ ಬಿ ಬಂದಿತು. ಫ್ರಾನ್ಸಿನಿಂದ 2000ದಲ್ಲಿ ಬಂದ ವರದಿಯೊಂದು ಐವಿಎಫ್ (ದೇಹದ ಹೊರಗೆ ಅಂಡಾಣು ಮತ್ತು ವೀರ್ಯಾಣುವನ್ನು ಕೂಡಿಸುವ ವಿಧಾನ) ಜೊತೆಗಿನ ಇತರ ವಿಧಿಗಳ ಸಮಯದಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಸಿ ದಾಟಿದ್ದನ್ನು ದಾಖಲಿಸಿತು. ಇವುಗಳ ಎದುರಿಗೆ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು: ಗಂಡನಿಗೆ ಎಚ್‌ಐವಿ ಇದೆಯೆಂದು ಮೊದಲೇ ಗೊತ್ತಿದ್ದು, ಅವನ ವೀರ್ಯವನ್ನು ತೊಳೆದು (ವೀರ್ಯಾಣುಗಳನ್ನು ಮಾತ್ರ ಬೇರ್ಪಡಿಸಿ) ಬಳಸಿದ ಚಿಕಿತ್ಸೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 3,994 ಮಹಿಳೆಯರ 11,585 ಚಿಕಿತ್ಸಾ ಆವರ್ತಗಳಿದ್ದವು, ಸೋಂಕು ತಗುಲಿದ ಒಂದು ಪ್ರಕರಣವೂ ಅದರಲ್ಲಿರಲಿಲ್ಲ.

ಅಂದರೆ ಗೊತ್ತಿರುವ ಸೋಂಕಿಗಿಂತ ಗೊತ್ತಿಲ್ಲದ ಸೋಂಕೇ ಹೆಚ್ಚು ಅಪಾಯಕಾರಿ. ಗೊತ್ತಿರುವುದಕ್ಕೆ ಔಷಧವಿದೆ, ಲಸಿಕೆಯಿದೆ, ಪ್ರಯೋಗಾಲಯದಲ್ಲಿ ಬೇರೆ ಜಾಗವಿದೆ. ಗೊತ್ತಿಲ್ಲದಿರುವುದು ಎಲ್ಲರ ಸಾಮಗ್ರಿಯ ನಡುವೆ ಯಾರ ಕಣ್ಣಿಗೂ ಬೀಳದೆ ಸೇರಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆಯ ವಿಷಯದಲ್ಲಿ ಸಂಕೋಚಪಡುವುದಾಗಲಿ, ಹಳೆಯ ಕಾಯಿಲೆಯ ವಿವರವನ್ನು ವೈದ್ಯರಿಂದ ಮುಚ್ಚಿಡುವುದಾಗಲಿ ನಿಮಗೇ ಮುಳುವಾಗುತ್ತದೆ.

ಮೊದಲ ಕೆಲಸ: ವರದಿಯ ಮೇಲಿನ ತಾರೀಖನ್ನು ನೋಡುವುದು

ಪ್ರತಿಯೊಂದು ರಕ್ತಪರೀಕ್ಷೆಯೂ ರಕ್ತ ತೆಗೆದ ದಿನಕ್ಕಿಂತ ಸ್ವಲ್ಪ ಹಿಂದಿನ ಸ್ಥಿತಿಯನ್ನು ಹೇಳುತ್ತದೆ. ವೈರಸ್ ದೇಹದೊಳಗೆ ಹೊಕ್ಕ ದಿನದಿಂದ ಪರೀಕ್ಷೆಗೆ ಸಿಕ್ಕುವ ದಿನದವರೆಗಿನ ಅಂತರಕ್ಕೆ ವಿಂಡೋ ಅವಧಿ ಎನ್ನುತ್ತಾರೆ. ಎಚ್‌ಐವಿಯ ವಿಷಯದಲ್ಲಿ, ಪ್ರತಿಜನಕ (ವೈರಸ್ಸಿನದೇ ಪ್ರೋಟೀನು) ಮತ್ತು ಪ್ರತಿಕಾಯ (ಅದರ ವಿರುದ್ಧ ದೇಹ ತಯಾರಿಸುವ ಪ್ರೋಟೀನು) ಎರಡನ್ನೂ ಹುಡುಕುವ ಪ್ರಯೋಗಾಲಯದ ಪರೀಕ್ಷೆಗೆ ಈ ಅಂತರ ಸುಮಾರು 18ರಿಂದ 45 ದಿನ. ಪ್ರತಿಕಾಯವನ್ನು ಮಾತ್ರ ನೋಡುವ ಪರೀಕ್ಷೆಗೆ 23ರಿಂದ 90 ದಿನ. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆಗೆ 10ರಿಂದ 33 ದಿನ. ಹೆಪಟೈಟಿಸ್ ಸಿ ಪ್ರತಿಕಾಯ ಕಾಣಿಸಿಕೊಳ್ಳಲು 8ರಿಂದ 11 ವಾರ ಹಿಡಿಯುತ್ತದೆ, ಆದರೆ ಅದರ ಆರ್‌ಎನ್‌ಎ ಒಂದೆರಡು ವಾರದಲ್ಲೇ ಸಿಗುತ್ತದೆ. ಹೀಗಿರುವಾಗ ಎರಡು ವರ್ಷದ ಹಿಂದಿನ ನೆಗೆಟಿವ್ ವರದಿಯನ್ನು ಹಿಡಿದುಕೊಂಡು ಇಂದು ಅಂಡಾಣು ತೆಗೆಸಿಕೊಳ್ಳುವುದಕ್ಕೆ ಏನೂ ಅರ್ಥವಿಲ್ಲ.

ನಿಯಮಗಳು ಒಂದೊಂದು ದೇಶದಲ್ಲಿ ಒಂದೊಂದು ಬಗೆಯಾಗಿವೆ. ಐರೋಪ್ಯ ಒಕ್ಕೂಟವು 2006ರಲ್ಲಿ ತಂದ ನಿರ್ದೇಶನದ ಪ್ರಕಾರ ದಂಪತಿಗಳ ನಡುವಿನ ಚಿಕಿತ್ಸೆಗೂ ಎಚ್‌ಐವಿ 1 ಮತ್ತು 2ರ ಪ್ರತಿಕಾಯ, ಹೆಪಟೈಟಿಸ್ ಬಿಯ ಗುರುತುಗಳಾದ (ಇವುಗಳ ಅರ್ಥ ಮುಂದೆ ಬರುತ್ತದೆ) ಎಚ್‌ಬಿಎಸ್‌ಎಜಿ ಮತ್ತು ಆ್ಯಂಟಿ‑ಎಚ್‌ಬಿಸಿ, ಹೆಪಟೈಟಿಸ್ ಸಿ ಪ್ರತಿಕಾಯ ಇಷ್ಟನ್ನೂ ನೋಡಬೇಕು. ಮೊದಲ ಪರೀಕ್ಷೆ ಚಿಕಿತ್ಸೆಗೆ ಮುಂಚಿನ 3 ತಿಂಗಳೊಳಗೆ ಆಗಿರಬೇಕು. 2012ರ ತಿದ್ದುಪಡಿಯ ನಂತರ ಅದೇ ದಂಪತಿಗೆ ಕನಿಷ್ಠ 24 ತಿಂಗಳಿಗೊಮ್ಮೆ ಮರುಪರೀಕ್ಷೆ ಸಾಕೆಂದಾಯಿತು. 24 ತಿಂಗಳು ಎಂಬುದು ಕಾನೂನಿನ ಗಡಿಯೇ ಹೊರತು ಎಲ್ಲರಿಗೂ ಸಾಕಾಗುವ ಅವಧಿಯಲ್ಲ ಎಂದು ನನ್ನ ಅಭಿಪ್ರಾಯ. ನಡುವೆ ರಕ್ತ ಹಾಕಿಸಿಕೊಂಡಿದ್ದರೆ, ಶಸ್ತ್ರಚಿಕಿತ್ಸೆಯಾಗಿದ್ದರೆ, ಹಚ್ಚೆ ಹಾಕಿಸಿಕೊಂಡಿದ್ದರೆ, ಡಯಾಲಿಸಿಸ್ ನಡೆದಿದ್ದರೆ ಅಥವಾ ದಾಂಪತ್ಯದ ಹೊರಗೆ ಸಂಬಂಧವಾಗಿದ್ದರೆ ಅವಧಿ ತುಂಬುವುದನ್ನು ಕಾಯದೆ ಮತ್ತೆ ಪರೀಕ್ಷೆ ಕೇಳಿ. ಈ ಕೊನೆಯ ವಿಷಯವನ್ನು ಸಂಗಾತಿಯ ಎದುರಿಗೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿ ವೈದ್ಯರೊಂದಿಗೆ ಇಬ್ಬರೂ ಬೇರೆ ಬೇರೆಯಾಗಿ ಹತ್ತು ನಿಮಿಷ ಮಾತನಾಡುವ ಅವಕಾಶವನ್ನು ಕೇಳಿ ಪಡೆದುಕೊಳ್ಳುವುದು ಒಳ್ಳೆಯದು.

ಹೆಪಟೈಟಿಸ್ ಬಿ ವರದಿಯನ್ನು ಓದುವ ಬಗೆ

ಮೂರು ವೈರಸ್‌ಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಇದು, ಅತ್ಯಂತ ಸುಲಭವಾಗಿ ತಡೆಯಬಹುದಾದದ್ದೂ ಇದೇ. ವರದಿಯಲ್ಲಿ ಮೂರು ಸಾಲುಗಳಿರಬೇಕು. ಎಚ್‌ಬಿಎಸ್‌ಎಜಿ ಪಾಸಿಟಿವ್ ಎಂದರೆ ವೈರಸ್ ಈಗ ದೇಹದಲ್ಲಿದೆ ಎಂದರ್ಥ. ಅದು 6 ತಿಂಗಳು ದಾಟಿಯೂ ಉಳಿದರೆ ದೀರ್ಘಕಾಲದ ಸೋಂಕು ಎನಿಸಿಕೊಳ್ಳುತ್ತದೆ. ಆ್ಯಂಟಿ‑ಎಚ್‌ಬಿಎಸ್ ಮಟ್ಟ ಪ್ರತಿ ಮಿಲಿಲೀಟರಿಗೆ 10 ಮಿಲಿ ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ವ್ಯಕ್ತಿಗೆ ರಕ್ಷಣೆಯಿದೆ. ಆ್ಯಂಟಿ‑ಎಚ್‌ಬಿಸಿ ಲಸಿಕೆಯಿಂದ ಬರುವುದಿಲ್ಲ. ಅದು ಪಾಸಿಟಿವ್ ಇದ್ದರೆ ಹಿಂದೆಂದೋ ನಿಜವಾದ ವೈರಸ್ಸಿನ ಸಂಪರ್ಕವಾಗಿದೆ. ಈ ಮೂರನೆಯದು ಮಾತ್ರ ಪಾಸಿಟಿವ್ ಆಗಿದ್ದು ಉಳಿದೆರಡು ನೆಗೆಟಿವ್ ಆಗಿದ್ದಾಗ ಪರೀಕ್ಷೆ ಎಡವಿರಬಹುದು, ಇಲ್ಲವೇ ಕಣ್ಣಿಗೆ ಬೀಳದಷ್ಟು ಕಡಿಮೆ ಪ್ರಮಾಣದಲ್ಲಿ ವೈರಸ್ ಉಳಿದಿರಬಹುದು. ವೈರಸ್ಸಿನ ಡಿಎನ್‌ಎಯನ್ನು ನೋಡುವ ಪರೀಕ್ಷೆಯಿಂದ ಮಾತ್ರ ಇದು ಇತ್ಯರ್ಥವಾಗುತ್ತದೆ.

ಇಲ್ಲೊಂದು ಸಣ್ಣ ಬಲೆಯಿದೆ. ಹೆಪಟೈಟಿಸ್ ಬಿ ಲಸಿಕೆಯಲ್ಲಿರುವುದು ಎಚ್‌ಬಿಎಸ್‌ಎಜಿ ಎಂಬ ಅದೇ ಪ್ರೋಟೀನು. ಆದ್ದರಿಂದ ಲಸಿಕೆ ಹಾಕಿಸಿಕೊಂಡ ಮೇಲೆ 18 ದಿನಗಳವರೆಗೂ ಆ ಪರೀಕ್ಷೆ ಸುಳ್ಳಾಗಿ ಪಾಸಿಟಿವ್ ತೋರಿಸಬಹುದು. ಮೊದಲು ರಕ್ತ ಕೊಡಿ, ಆಮೇಲೆ ಲಸಿಕೆ ಹಾಕಿಸಿಕೊಳ್ಳಿ. ಈ ಕ್ರಮವನ್ನು ಅದಲುಬದಲು ಮಾಡಿದರೆ ಇಲ್ಲದ ಕಾಯಿಲೆಗೆ ಹೆದರಿ ದಿನ ಕಳೆಯಬೇಕಾಗುತ್ತದೆ.

ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲವೆಂದಾದರೆ ಇಲ್ಲದವರಿಗೆ ಲಸಿಕೆ ಹಾಕಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಸಾಮಾನ್ಯ ಕ್ರಮದಲ್ಲಿ 0, 1 ಮತ್ತು 6ನೆಯ ತಿಂಗಳಿನಲ್ಲಿ ಮೂರು ಡೋಸ್ ಕೊಡುತ್ತಾರೆ. ತುರ್ತಿದ್ದರೆ ಇದಕ್ಕಿಂತ ವೇಗದ ಕ್ರಮಗಳೂ ಇವೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ‑ಎಚ್‌ಬಿಎಸ್ ಮಟ್ಟವನ್ನು ಅಳೆಸಲೇಬೇಕು, ಏಕೆಂದರೆ ಕೆಲವರ ದೇಹ ಲಸಿಕೆಗೆ ಸ್ಪಂದಿಸುವುದೇ ಇಲ್ಲ. ಅಂಥವರಿಗೆ ಇನ್ನೊಂದು ಸುತ್ತು ಲಸಿಕೆ ಕೊಟ್ಟು ನೋಡುತ್ತಾರೆ. ಮಟ್ಟ 10ನ್ನು ಮುಟ್ಟುವವರೆಗೆ ಕಾಂಡೋಮ್ ಬಳಸಬೇಕು, ಗರ್ಭಧಾರಣೆಯ ಪ್ರಯತ್ನವನ್ನು ಮುಂದೂಡಬೇಕು. ಮುಟ್ಟಿದ ಮೇಲೆ ಗಂಡನಿಗೆ ಸೋಂಕಿದ್ದರೂ ಮಾಮೂಲಿ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ವಿಧಾನ) ಅಥವಾ ಐವಿಎಫ್ ಮಾಡಬಹುದು. ವೀರ್ಯ ತೊಳೆಯುವ ವಿಧಾನ ಎಚ್‌ಐವಿಗೆ ಆಸರೆಯಾದಷ್ಟು ಹೆಪಟೈಟಿಸ್ ಬಿಗೆ ಆಗುವುದಿಲ್ಲ: ಈ ವೈರಸ್ಸಿನ ಡಿಎನ್‌ಎ ವೀರ್ಯಾಣುವಿನ ಒಳಗೇ ಸೇರಿಕೊಂಡಿರುವುದು ವರದಿಯಾಗಿರುವುದರಿಂದ ಹೊರಗಿನ ದ್ರವವನ್ನು ತೊಳೆದ ಮಾತ್ರಕ್ಕೆ ಎಲ್ಲವೂ ಹೋಯಿತೆನ್ನಲಾಗದು. ಹೀಗಾಗಿ ಇಲ್ಲಿ ಹೆಂಡತಿಯ ರಕ್ಷಣೆ ಅವಳ ರಕ್ತದಲ್ಲಿರುವ ಪ್ರತಿಕಾಯದ ಮೇಲೆ ನಿಂತಿದೆ.

ಹೆಂಡತಿಗೇ ಸೋಂಕಿದ್ದರೆ ಚಿಕಿತ್ಸೆಗೆ ಮುನ್ನ ಅವಳ ಯಕೃತ್ತಿನ ಸ್ಥಿತಿಯನ್ನೂ ರಕ್ತದಲ್ಲಿನ ವೈರಸ್ ಪ್ರಮಾಣವನ್ನೂ ತಿಳಿದುಕೊಳ್ಳಬೇಕು. ಗರ್ಭಿಣಿಯಾದ ಮೇಲೆ ವೈರಸ್ ಪ್ರಮಾಣ ಪ್ರತಿ ಮಿಲಿಲೀಟರಿಗೆ 2,00,000 ಅಂತರರಾಷ್ಟ್ರೀಯ ಘಟಕವನ್ನು ಮುಟ್ಟಿದ್ದರೆ ಅಥವಾ ಮೀರಿದ್ದರೆ ಸುಮಾರು 28ನೆಯ ವಾರದಿಂದ, ವೈರಸ್ ಪ್ರಮಾಣವನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುವುದು ಈಗಿನ ಪದ್ಧತಿ.

ಎಚ್‌ಐವಿ: ಗಂಡನಿಗಿದ್ದರೆ

ವೀರ್ಯವೆಂಬುದು ಒಂದೇ ವಸ್ತುವಲ್ಲ. ಅದರಲ್ಲಿ ದ್ರವವಿದೆ, ಬಿಳಿರಕ್ತಕಣಗಳಂಥ ದುಂಡು ಕೋಶಗಳಿವೆ, ವೀರ್ಯಾಣುಗಳಿವೆ. ಎಚ್‌ಐವಿ ಮುಖ್ಯವಾಗಿ ಮೊದಲಿನ ಎರಡರಲ್ಲಿರುತ್ತದೆ. ವೀರ್ಯಾಣುವೇ ಅದರ ವಾಹಕ ಎನ್ನುವುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ಇಟಲಿಯ ಮಿಲಾನ್ ನಗರದ ವೈದ್ಯ ಆಗಸ್ಟೊ ಸೆಂಪ್ರಿನಿ ಮತ್ತವರ ತಂಡ ಈ ವ್ಯತ್ಯಾಸವನ್ನೇ ಆಧಾರವಾಗಿಟ್ಟುಕೊಂಡು ವೀರ್ಯ ತೊಳೆಯುವ ವಿಧಾನವನ್ನು ರೂಪಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿತು.

ವಿಧಾನ ಹೀಗಿದೆ. ನಳಿಕೆಯೊಂದರಲ್ಲಿ ಸಾಂದ್ರತೆ ಬೇರೆಬೇರೆಯಾದ ಸಿಲಿಕಾ ದ್ರಾವಣದ ಪದರಗಳನ್ನು ಹಾಕಿ, ಅದರ ಮೇಲೆ ವೀರ್ಯವನ್ನು ನಿಧಾನವಾಗಿ ಸುರಿದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಆರೋಗ್ಯವಂತ ವೀರ್ಯಾಣುಗಳು ಪದರಗಳನ್ನು ದಾಟಿ ತಳ ಸೇರುತ್ತವೆ. ದ್ರವವೂ ದುಂಡು ಕೋಶಗಳೂ ಮೇಲೆಯೇ ಉಳಿಯುತ್ತವೆ. ತಳದಲ್ಲಿ ಕೂತದ್ದನ್ನು ಮೇಲಿನ ಪದರಕ್ಕೆ ತಾಗಿಸದೆ ಹೊಸ ನಳಿಕೆಗೆ ತೆಗೆದುಕೊಂಡು, ತಾಜಾ ಪೋಷಕ ದ್ರವದಲ್ಲಿ ತೊಳೆದು, ಕೊನೆಗೆ ಮೇಲೊಂದು ಪದರ ಶುದ್ಧ ದ್ರವ ಹಾಕಿ ಬೆಚ್ಚಗಿಡುತ್ತಾರೆ. ಚುರುಕಾದ ವೀರ್ಯಾಣುಗಳು ತಾವಾಗಿ ಈಜಿ ಮೇಲೆ ಬರುತ್ತವೆ. ಬಳಸುವುದು ಅವುಗಳನ್ನು ಮಾತ್ರ. ಅದರಲ್ಲೊಂದು ಪಾಲನ್ನು, ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳುಹಿಸಿ, ವೈರಸ್ ಇಲ್ಲವೆಂದು ಉತ್ತರ ಬಂದಮೇಲೆ ಗರ್ಭಕೋಶಕ್ಕೆ ಸೇರಿಸುತ್ತಾರೆ. ಉತ್ತರ ಬರುವುದು ತಡವಾಗುವುದಿದ್ದರೆ ಮಾದರಿಯನ್ನು ಶೀತಲೀಕರಿಸಿ ಕಾಯುತ್ತಾರೆ. ಪಾಸಿಟಿವ್ ಬಂದರೆ ಆ ಮಾದರಿಯನ್ನು ಎಸೆಯುತ್ತಾರೆ.

ಈ ಹಂತಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ಗಂಡನ ವೀರ್ಯವನ್ನು ಸಂಸ್ಕರಿಸಿ ಒಳಸೇರಿಸಿದ ಮೇಲೂ ಮಹಿಳೆಯೊಬ್ಬರಿಗೆ ಎಚ್‌ಐವಿ ತಗುಲಿದ ಪ್ರಕರಣವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1990ರಲ್ಲೇ ವರದಿ ಮಾಡಿತ್ತು. ‘ನಮ್ಮಲ್ಲೂ ವೀರ್ಯ ತೊಳೆಯುತ್ತೇವೆ’ ಎಂದು ಕೇಂದ್ರದವರು ಹೇಳಿದಾಗ ಅಲ್ಲಿಗೇ ಮಾತು ನಿಲ್ಲಿಸಬೇಡಿ. ಐಯುಐ ಮಾಡುವ ಪ್ರತಿಯೊಂದು ಪ್ರಯೋಗಾಲಯವೂ ಯಾವುದೋ ಬಗೆಯಲ್ಲಿ ವೀರ್ಯ ತೊಳೆಯುತ್ತದೆ. ಸಾಂದ್ರತೆಯ ಪದರ ಮತ್ತು ಈಜಿಸುವಿಕೆ ಎರಡನ್ನೂ ಮಾಡುತ್ತೀರಾ, ತೊಳೆದ ಮಾದರಿಗೆ ಪಿಸಿಆರ್ ಮಾಡುತ್ತೀರಾ ಎಂಬ ಎರಡು ಪ್ರಶ್ನೆಗಳಿಗೂ ‘ಹೌದು’ ಎಂಬ ಉತ್ತರ ಬಂದರೆ ಮಾತ್ರ ಅದು ಇಲ್ಲಿ ಹೇಳುತ್ತಿರುವ ತೊಳೆಯುವಿಕೆ. ಇಷ್ಟೆಲ್ಲ ಮಾಡುವಾಗ ವೀರ್ಯಾಣುಗಳ ಸಂಖ್ಯೆ ಬಹಳ ಇಳಿಯುತ್ತದೆಯೆಂಬುದನ್ನೂ ತಿಳಿದಿರಬೇಕು. ಮೊದಲೇ ಸಂಖ್ಯೆ ಕಡಿಮೆಯಿದ್ದವರಿಗೆ ಐಯುಐ ಆಗದೆ, ಒಂದೊಂದು ಅಂಡಾಣುವಿಗೆ ಒಂದೊಂದು ವೀರ್ಯಾಣುವನ್ನು ಚುಚ್ಚುವ ಇಕ್ಸಿ ವಿಧಾನಕ್ಕೆ ಹೋಗಬೇಕಾಗುತ್ತದೆ.

ತೊಳೆಯುವ ವಿಧಾನ ಬಂದ ಕಾಲಕ್ಕೂ ಇಂದಿಗೂ ನಡುವೆ ದೊಡ್ಡ ಬದಲಾವಣೆಯಾಗಿದೆ. ಔಷಧದಿಂದ ರಕ್ತದಲ್ಲಿನ ವೈರಸ್ ಪ್ರಮಾಣ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ ಎಂಬುದನ್ನು ದೊಡ್ಡ ಅಧ್ಯಯನಗಳು ದೃಢಪಡಿಸಿವೆ. ಪಾರ್ಟ್‌ನರ್ ಎಂಬ ಐರೋಪ್ಯ ಅಧ್ಯಯನದ ಎರಡೂ ಹಂತಗಳಲ್ಲಿ, 2016ರಲ್ಲೂ 2019ರಲ್ಲೂ, ವೈರಸ್ ಪ್ರಮಾಣ ಒಂದು ಮಿಲಿಲೀಟರ್ ರಕ್ತದಲ್ಲಿ 200 ವೈರಸ್ ಪ್ರತಿಗಳಿಗಿಂತ ಕೆಳಗಿದ್ದ ಸಂಗಾತಿಯಿಂದ ಸೋಂಕು ದಾಟಿದ ಪ್ರಕರಣ ಒಂದೂ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಹೀಗೆ ಹೇಳಿತು: ಗಂಡ ಔಷಧವನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದು, 6 ತಿಂಗಳಿಗೂ ಹೆಚ್ಚು ಕಾಲ ವೈರಸ್ ಪ್ರಮಾಣ 50 ಪ್ರತಿಗಳಿಗಿಂತ ಕೆಳಗಿದ್ದು, ಬೇರೆ ಸೋಂಕುಗಳಿಲ್ಲದೆ, ಅಂಡಾಣು ಬಿಡುಗಡೆಯ ದಿನಗಳಲ್ಲಷ್ಟೇ ಕಾಂಡೋಮಿಲ್ಲದೆ ಕೂಡಿದರೆ, ತೊಳೆಯುವುದರಿಂದ ಹೆಚ್ಚಿನ ರಕ್ಷಣೆಯೇನೂ ಸಿಗದು. ಅಂದರೆ ಎಚ್‌ಐವಿ ಒಂದೇ ಕಾರಣವಾಗಿದ್ದು, ಗರ್ಭ ನಿಲ್ಲಲು ಬೇರೆ ತೊಂದರೆಯಿಲ್ಲದಿದ್ದರೆ, ಅನೇಕ ದಂಪತಿಗಳಿಗೆ ಸಹಾಯಕ ಚಿಕಿತ್ಸೆಯೇ ಬೇಕಾಗಿಲ್ಲ. ಇದನ್ನು ಯಾರೂ ಹೇಳದೆ ಐವಿಎಫ್ ಮಾಡಿಸಿಕೊಂಡವರಿದ್ದಾರೆ. ಗರ್ಭ ನಿಲ್ಲದಿರಲು ಬೇರೆ ಕಾರಣವಿರುವವರು ಚಿಕಿತ್ಸೆಗೆ ಬಂದಾಗ ಕೇಂದ್ರಗಳು ಹೆಚ್ಚಿನ ಎಚ್ಚರಿಕೆಗೆಂದು ಇಂದಿಗೂ ವೀರ್ಯ ತೊಳೆಯುತ್ತವೆ, ಅದರಲ್ಲಿ ತಪ್ಪೇನಿಲ್ಲ.

ಇದಕ್ಕೆ ಮೊದಲು ಮಾಡಿಸಬೇಕಾದ ಒಂದು ಸಣ್ಣ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಮೂತ್ರನಾಳದಲ್ಲೋ ಜನನಾಂಗದಲ್ಲೋ ಬೇರೆ ಸೋಂಕಿದ್ದರೆ ಬಿಳಿರಕ್ತಕಣಗಳು ಅಲ್ಲಿ ಸೇರಿ ವೀರ್ಯದಲ್ಲಿ ಎಚ್‌ಐವಿ ಹೆಚ್ಚಾಗಬಹುದು. ಕ್ಲಮಿಡಿಯ, ಗೊನೊರಿಯ ಮುಂತಾದವನ್ನು ಇಬ್ಬರಲ್ಲೂ ಪರೀಕ್ಷಿಸಿ, ಇದ್ದರೆ ಮೊದಲು ಗುಣಪಡಿಸಿಕೊಳ್ಳಬೇಕು.

ಗಂಡನ ವೈರಸ್ ಪ್ರಮಾಣ ಇನ್ನೂ ಇಳಿದಿಲ್ಲ ಅಥವಾ ಮೇಲೆ ಕೆಳಗೆ ಆಗುತ್ತಿದೆ ಎಂದಾದರೆ ಚಿಕಿತ್ಸೆಯನ್ನು ಮುಂದಕ್ಕೆ ಹಾಕುವುದೇ ಸರಿ. ಹೆಂಡತಿ ಮುಂಜಾಗ್ರತೆಯಾಗಿ ದಿನವೂ ತೆಗೆದುಕೊಳ್ಳಬಹುದಾದ ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್ ಕೂಡಿದ ಮಾತ್ರೆಯೂ ಇದೆ. ಅದು ಯೋನಿಯ ಅಂಗಾಂಶದಲ್ಲಿ ಪೂರ್ಣ ಮಟ್ಟಕ್ಕೆ ಬರಲು ಸುಮಾರು ಮೂರು ವಾರ ಬೇಕಾಗುವುದರಿಂದ ಹಿಂದಿನ ದಿನ ನುಂಗಿದರೆ ಉಪಯೋಗವಿಲ್ಲ.

ಎಚ್‌ಐವಿ: ಹೆಂಡತಿಗಿದ್ದರೆ

ಇಲ್ಲಿ ಕಾಳಜಿ ಎರಡು ಕಡೆಗೆ ಹಂಚಿಹೋಗುತ್ತದೆ: ಗಂಡನಿಗೆ ತಗುಲಬಾರದು, ಮಗುವಿಗೂ ಹೋಗಬಾರದು. ಮೊದಲನೆಯದು ಸುಲಭ. ಗಂಡನ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸಿದರೆ ಅವನಿಗೆ ಸಂಪರ್ಕವೇ ಆಗುವುದಿಲ್ಲ. ಎರಡನೆಯದಕ್ಕೆ ಔಷಧವೇ ಆಧಾರ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವ ಸಾಧ್ಯತೆ ಶೇ. 15ರಿಂದ 45, ಗರ್ಭ ಧರಿಸುವ ಮೊದಲಿನಿಂದಲೇ ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದು ಹಾಗೆಯೇ ಮುಂದುವರಿದರೆ ಅದು ಶೇ. 1ಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಅಂಡಾಶಯವನ್ನು ಪ್ರಚೋದಿಸುವ ಚುಚ್ಚುಮದ್ದು ಶುರುವಾಗುವ ಮುನ್ನ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ವರದಿ ಕೈಯಲ್ಲಿರಬೇಕು. ಅಂಡಾಣು ತೆಗೆಯುವಾಗ ಸೂಜಿ ಯೋನಿಯ ಗೋಡೆಯ ಮೂಲಕ ಅಂಡಾಶಯಕ್ಕೆ ಹೋಗುತ್ತದೆ, ದ್ರವದಲ್ಲಿ ರಕ್ತ ಬೆರೆಯುತ್ತದೆ; ಆ ದಿನ ರಕ್ತದಲ್ಲಿ ವೈರಸ್ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಅಂಡಾಣುವಿನ ಸುತ್ತಲಿನ ಜೋನಾ ಎಂಬ ಹೊದಿಕೆ ಸಹಜವಾದೊಂದು ತಡೆ. ಇಕ್ಸಿ ಸೂಜಿ ಈ ಹೊದಿಕೆಯನ್ನು ತೂರಿಕೊಂಡು ಹೋಗುವುದರಿಂದ ವೈರಸ್ಸನ್ನೂ ಒಳಗೆ ಒಯ್ಯಬಹುದೆಂಬ ಆತಂಕ ಹಳೆಯದು. ಹಾಗೆ ಮಗುವಿಗೆ ಸೋಂಕಾಯಿತೆಂದು ಸಾಬೀತಾದ ಪ್ರಕರಣವಿಲ್ಲ. ಹಾಗೆಂದು ಬೇರೆ ಕಾರಣವಿಲ್ಲದೆ ಇಕ್ಸಿಯನ್ನು ಆರಿಸಿಕೊಳ್ಳಬೇಕಾಗಿಯೂ ಇಲ್ಲ.

ಎಚ್‌ಐವಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಹಾರ್ಮೋನುಗಳ ಜೊತೆ ಸೆಣಸಾಡುತ್ತವೆ. ಎಲ್ಲ ಔಷಧಗಳ ಹೆಸರನ್ನೂ ಬರೆದ ಚೀಟಿಯನ್ನು ಎಚ್‌ಐವಿ ಮತ್ತು ಗರ್ಭಧಾರಣೆ ಎರಡೂ ಕಡೆಯ ವೈದ್ಯರಿಗೆ ಕೊಡಿ. ಗರ್ಭ ನಿಂತ ಕಾರಣಕ್ಕೆ, ಯಾರದೋ ಮಾತು ಕೇಳಿ ಎಚ್‌ಐವಿ ಮಾತ್ರೆಯನ್ನು ಎಂದಿಗೂ ನಿಲ್ಲಿಸಬೇಡಿ.

ಹೆಪಟೈಟಿಸ್ ಸಿ

ಇದರ ಕಥೆ 2013ರ ಕೊನೆಯಿಂದ ಬದಲಾಯಿತು. ಆಗ ಬಂದ ಸೊಫೊಸ್ಬುವಿರ್ ಮತ್ತು ಅದರ ಬೆನ್ನಿಗೆ ಬಂದ ನೇರ ವೈರಸ್‌ನಿರೋಧಕ ಮಾತ್ರೆಗಳು 8ರಿಂದ 12 ವಾರಗಳಲ್ಲಿ ಶೇ. 95ಕ್ಕೂ ಹೆಚ್ಚು ಜನರನ್ನು ಗುಣಪಡಿಸುತ್ತವೆ. ಮಾತ್ರೆ ಮುಗಿದು 12 ವಾರಗಳ ನಂತರ ಆರ್‌ಎನ್‌ಎ ಸಿಗದಿದ್ದರೆ ಗುಣವಾಯಿತೆಂದೇ ಲೆಕ್ಕ. ಗಂಡನಿಗಿರಲಿ, ಹೆಂಡತಿಗಿರಲಿ, ಮೊದಲು ಗುಣಪಡಿಸಿಕೊಂಡು ಆಮೇಲೆ ಗರ್ಭಧಾರಣೆಗೆ ಹೋಗಬೇಕೆನ್ನುವುದು ಸರಳ ನಿಯಮ. ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ಶೇ. 5ರ ಆಸುಪಾಸಿನಲ್ಲಿದ್ದು, ಎಚ್‌ಐವಿಯೂ ಜೊತೆಗಿದ್ದರೆ ಇನ್ನೂ ಹೆಚ್ಚಾಗುತ್ತದೆ.

ಈ ಸರಳ ನಿಯಮಕ್ಕೂ ಒಂದು ತೊಡಕಿದೆ. ಔಷಧದ 12 ವಾರ, ಕಾಯುವ 12 ವಾರ ಸೇರಿದರೆ ಸುಮಾರು ಆರು ತಿಂಗಳಾಗುತ್ತದೆ. ಅಂಡಾಣುಗಳು ಬೇಗ ಬರಿದಾಗುತ್ತಿರುವ, ನಲವತ್ತರ ಹತ್ತಿರದ ಮಹಿಳೆಗೆ ಆರು ತಿಂಗಳು ಸಣ್ಣ ಅವಧಿಯಲ್ಲ. ಅಂಥವರು ಅಂಡಾಣು ಅಥವಾ ಭ್ರೂಣವನ್ನು ಮೊದಲು ಶೀತಲೀಕರಿಸಿ ಪ್ರತ್ಯೇಕವಾಗಿಟ್ಟು, ಗುಣವಾದ ಮೇಲೆ ಗರ್ಭಕೋಶಕ್ಕೆ ಸೇರಿಸಿಕೊಳ್ಳುವ ದಾರಿಯನ್ನು ಯಕೃತ್ತಿನ ವೈದ್ಯರ ಜೊತೆಯಲ್ಲೂ ಚರ್ಚಿಸಬೇಕು. ಔಷಧಗಳಲ್ಲಿ ರಿಬಾವಿರಿನ್ ಇದೆಯೇ ಎಂದು ತಪ್ಪದೆ ಕೇಳಿ: ಅದು ಭ್ರೂಣಕ್ಕೆ ಹಾನಿಕರ. ಇಬ್ಬರಲ್ಲಿ ಯಾರು ತೆಗೆದುಕೊಂಡಿದ್ದರೂ ನಿಲ್ಲಿಸಿದ ಮೇಲೆ ಕನಿಷ್ಠ 6 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಮಹಿಳೆಗೆ ಇನ್ನೂ ದೀರ್ಘ ಅವಧಿಯನ್ನೂ ಹೇಳಬಹುದು.

ಗುಣವಾದವರ ರಕ್ತದಲ್ಲಿ ಪ್ರತಿಕಾಯ ಮುಂದೆಯೂ ಉಳಿಯುತ್ತದೆ. ಅದನ್ನೇ ನೋಡಿ ‘ಸೋಂಕಿದೆ’ ಎಂದು ಗುರುತು ಹಾಕಿದರೆ ಆರ್‌ಎನ್‌ಎ ನೆಗೆಟಿವ್ ವರದಿಯನ್ನು ಮುಂದಿಡಿ.

ದಾನಿಯ ವೀರ್ಯ, ದಾನಿಯ ಅಂಡಾಣು

ದಾನಿಯ ವೀರ್ಯವನ್ನು ತಾಜಾ ಬಳಸುವುದನ್ನು ಎಲ್ಲ ಜವಾಬ್ದಾರಿಯುತ ಕೇಂದ್ರಗಳೂ ಬಿಟ್ಟಿವೆ. ಹಳೆಯ ಪದ್ಧತಿಯಲ್ಲಿ ಅದನ್ನು 180 ದಿನ ಶೀತಲದಲ್ಲಿಟ್ಟು, ದಾನಿಯನ್ನು ಮತ್ತೆ ಕರೆಸಿ ರಕ್ತ ಪರೀಕ್ಷಿಸಿ, ಅದೂ ನೆಗೆಟಿವ್ ಬಂದಮೇಲೆ ಬಿಡುಗಡೆ ಮಾಡುತ್ತಾರೆ. ವಿಂಡೋ ಅವಧಿಯಲ್ಲಿ ದಾನ ಕೊಟ್ಟಿದ್ದರೆ ಆರು ತಿಂಗಳ ನಂತರದ ಪರೀಕ್ಷೆ ಅದನ್ನು ಬಯಲು ಮಾಡುತ್ತದೆ. ನ್ಯೂಕ್ಲಿಯಿಕ್ ಆಮ್ಲ ಪರೀಕ್ಷೆ (ವೈರಸ್ಸಿನ ಆರ್‌ಎನ್‌ಎ ಅಥವಾ ಡಿಎನ್‌ಎಯನ್ನೇ ಹುಡುಕುವುದು) ಮಾಡುವ ಕಡೆಗಳಲ್ಲಿ ಈ ಕಾಯುವ ಅವಧಿಯನ್ನು ಕಡಿಮೆ ಮಾಡಿದ ನಿಯಮಗಳೂ ಇವೆ. ಕೇಂದ್ರದಲ್ಲಿ ನೀವು ಕೇಳಬೇಕಾದುದು ಇಷ್ಟೇ: ದಾನ ಕೊಟ್ಟ ತಾರೀಖು ಯಾವುದು, ಮರುಪರೀಕ್ಷೆಯ ತಾರೀಖು ಯಾವುದು? ದಾನಿಯ ಹೆಸರನ್ನು ನಿಮಗೆ ಹೇಳದಿರಬಹುದು, ತಾರೀಖುಗಳನ್ನು ಮುಚ್ಚಿಡಲು ಕಾರಣವಿಲ್ಲ.

ಅಂಡಾಣುವನ್ನು ತಾಜಾ ಬಳಸುವಾಗ ಇಂಥ ಕಾಯುವಿಕೆ ಕಷ್ಟ. ಹಾಗಾಗಿ ಅಂಡಾಣು ತೆಗೆಯುವ ದಿನಕ್ಕೆ ಆದಷ್ಟು ಹತ್ತಿರದ ಪರೀಕ್ಷೆ ಬೇಕು. ಅದರಲ್ಲಿ ಪ್ರತಿಕಾಯದ ಜೊತೆಗೆ ನ್ಯೂಕ್ಲಿಯಿಕ್ ಆಮ್ಲವನ್ನೂ ನೋಡಿರಬೇಕು. ದಾನಿಗಳಲ್ಲಿ ಗರ್ಭದಲ್ಲಿನ ಮಗುವಿಗೆ ಹಾನಿ ಮಾಡಬಲ್ಲ ಸೈಟೊಮೆಗಲೊ ವೈರಸ್ಸನ್ನೂ, ಕೆಲವು ಪ್ರದೇಶಗಳಿಂದ ಬಂದವರಲ್ಲಿ ಬಿಳಿರಕ್ತಕಣಗಳಿಗೆ ತಗುಲುವ ಎಚ್‌ಟಿಎಲ್‌ವಿ‑1 ಎಂಬ ವೈರಸ್ಸನ್ನೂ ನೋಡುತ್ತಾರೆ. ನೈರುತ್ಯ ಜಪಾನ್, ಕೆರಿಬಿಯನ್ ದ್ವೀಪಗಳು, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ಭಾಗಗಳಲ್ಲಿ ಎಚ್‌ಟಿಎಲ್‌ವಿ‑1 ಹೆಚ್ಚು.

ಪ್ರಯೋಗಾಲಯದವರನ್ನು ಕೇಳಬೇಕಾದ ಮಾತುಗಳು

ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಅಷ್ಟು ಚಳಿಯಲ್ಲಿ ವೈರಸ್ ಸಾಯುತ್ತದೆಯೆಂದು ಹಲವರು ನಂಬಿದ್ದಾರೆ. ಭ್ರೂಣವನ್ನು ಕಾಪಾಡುವ ಚಳಿಯೇ ವೈರಸ್ಸನ್ನೂ ಕಾಪಾಡುತ್ತದೆ. ಲಂಡನ್ನಿನಲ್ಲಿ ರಕ್ತದ ಕಾಯಿಲೆಯವರಿಗೆಂದು ಮೂಳೆಮಜ್ಜೆಯ ಕೋಶಗಳನ್ನಿಟ್ಟಿದ್ದ ತೊಟ್ಟಿಯಲ್ಲಿ ಒಂದು ಚೀಲ ಸೋರಿ, ಅದೇ ತೊಟ್ಟಿಯಲ್ಲಿದ್ದ ಬೇರೆಯವರ ಮಾದರಿಗಳ ಮೂಲಕ ಹೆಪಟೈಟಿಸ್ ಬಿ ಹರಡಿದ್ದು 1995ರಲ್ಲಿ ಪ್ರಕಟವಾಯಿತು. ದನದ ಭ್ರೂಣಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬೇಕೆಂದೇ ವೈರಸ್ ಬೆರೆಸಿದ ಸಾರಜನಕದಲ್ಲಿ ತೆರೆದ ನಳಿಕೆಗಳನ್ನಿಟ್ಟಾಗ ಸುಮಾರು ಐದರಲ್ಲೊಂದು ಭಾಗ ಕಲುಷಿತವಾದವು, ಮುಚ್ಚಿದ ನಳಿಕೆಗಳಲ್ಲಿ ಒಂದೂ ಆಗಲಿಲ್ಲ. ಮನುಷ್ಯರ ಭ್ರೂಣ ಅಥವಾ ವೀರ್ಯಾಣುವಿನ ವಿಷಯದಲ್ಲಿ ತೊಟ್ಟಿಯ ಮೂಲಕ ಸೋಂಕು ಹರಡಿದ ದಾಖಲೆಯಿಲ್ಲ. ಹಾಗಿದ್ದರೂ ಮೇಲಿನೆರಡು ಸಂಗತಿಗಳನ್ನು ತಿಳಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳದಿರಲಾಗದು. ಸೋಂಕಿರುವವರ ಮಾದರಿಗೆ ಬೇರೆ ತೊಟ್ಟಿಯಿದೆಯೇ? ಪರೀಕ್ಷೆಯ ಫಲಿತಾಂಶ ಇನ್ನೂ ಬಾರದವರ ಮಾದರಿಯನ್ನು ಎಲ್ಲಿಡುತ್ತೀರಿ? ಶೀತಲೀಕರಣಕ್ಕೆ ಬಳಸುವ ನಳಿಕೆ ಮುಚ್ಚಿದ್ದೋ ತೆರೆದದ್ದೋ? ನನಗೆ ಕೇಳಿದರೆ ಇವುಗಳಲ್ಲಿ ಎರಡನೆಯದೇ ಹೆಚ್ಚು ಮುಖ್ಯ, ಏಕೆಂದರೆ ಉತ್ತರಿಸುವವರು ಸ್ವಲ್ಪ ತಡವರಿಸುವುದು ಅಲ್ಲಿಯೇ.

ಪೋಷಕ ದ್ರವದಲ್ಲಿ ಬಳಸುವ ಮಾನವ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಈಗ ಪರೀಕ್ಷಿಸಿದ ದಾನಿಗಳ ರಕ್ತದಿಂದ ತಯಾರಾಗಿ ಗುಣಮಟ್ಟದ ದಾಖಲೆಯೊಂದಿಗೆ ಬರುತ್ತದೆ. ನೆದರ್ಲೆಂಡ್ಸ್‌ನ ಘಟನೆಯಲ್ಲಾದಂತೆ ಸ್ಥಳದಲ್ಲೇ ಸೀರಂ ಬೆರೆಸುವ ಪರಿಪಾಠ ಹೋಗಿದೆ. ಇಂದು ಹೆಚ್ಚು ಗಮನ ಕೊಡಬೇಕಾದುದು ಬಹಳ ಮಾಮೂಲಿ ವಸ್ತುಗಳಿಗೆ. ಅರಿವಳಿಕೆಯ ಔಷಧದ ಒಂದೇ ಸೀಸೆಯಿಂದ ಹಲವರಿಗೆ ಎಳೆಯುವುದು, ಯೋನಿಯೊಳಗೆ ಇಟ್ಟು ನೋಡುವ ಸ್ಕ್ಯಾನ್ ಪ್ರೋಬ್‌ಗೆ ಹೊದಿಕೆ ಬದಲಿಸಿದರೆ ಸಾಕೆಂದುಕೊಳ್ಳುವುದು, ಒಬ್ಬರ ಮಾದರಿ ಮುಟ್ಟಿದ ಕೈಗವಸಿನಲ್ಲೇ ಇನ್ನೊಬ್ಬರದನ್ನು ಮುಟ್ಟುವುದು. ಹೊದಿಕೆ ಹರಿಯಬಹುದು; ಆದ್ದರಿಂದ ಪ್ರೋಬನ್ನು ಪ್ರತಿ ರೋಗಿಯ ನಂತರವೂ ಉನ್ನತ ಮಟ್ಟದ ಸೋಂಕುನಿವಾರಕದಿಂದ ಶುದ್ಧಗೊಳಿಸಬೇಕು. ಸೋಂಕಿರುವವರ ಮಾದರಿಯನ್ನು ದಿನದ ಕೊನೆಯಲ್ಲಿ, ಸುರಕ್ಷತಾ ಕ್ಯಾಬಿನೆಟ್‌ನೊಳಗೆ, ಬೇರೆ ಸಾಮಗ್ರಿಯೊಂದಿಗೆ ನಿರ್ವಹಿಸುವ ಪ್ರಯೋಗಾಲಯದ ಮೇಲೆ ನಂಬಿಕೆ ಇಡಬಹುದು.

ಉಳಿದ ಕೆಲವು ವೈರಸ್‌ಗಳು

ರುಬೆಲ್ಲಾ ಮತ್ತು ಸೀತಾಳೆ ಸಿಡುಬಿನ ವಿರುದ್ಧ ರಕ್ಷಣೆಯಿದೆಯೇ ಎಂದು ಚಿಕಿತ್ಸೆಗೆ ಮೊದಲೇ ನೋಡಿಸಿ. ಇವೆರಡರ ಲಸಿಕೆಯೂ ಜೀವಂತ ವೈರಸ್ಸಿನದಾದ್ದರಿಂದ ಗರ್ಭಿಣಿಗೆ ಕೊಡುವಂತಿಲ್ಲ, ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಸೊಳ್ಳೆಗಳಿಂದ ಬರುವ ಝಿಕಾ ವೈರಸ್ ಹರಡಿರುವ ಪ್ರದೇಶಕ್ಕೆ ಹೋಗಿಬಂದ ಗಂಡಸರು 3 ತಿಂಗಳು, ಹೆಂಗಸರು 2 ತಿಂಗಳು ಕಾಯಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಗಂಡಸರಿಗೆ ಹೆಚ್ಚು ಕಾಲ ಹೇಳಿರುವುದು ಆ ವೈರಸ್ ವೀರ್ಯದಲ್ಲಿ ತಡವಾಗಿ ಕರಗುವುದರಿಂದ. ಕೊರೊನಾ ಬಂದ 2020ರ ಮಾರ್ಚಿನಲ್ಲಿ ಹಲವು ದೇಶಗಳಲ್ಲಿ ಹೊಸ ಚಿಕಿತ್ಸೆಗಳನ್ನು ನಿಲ್ಲಿಸಲು ಹೇಳಿದ್ದು ಗೊತ್ತಿಲ್ಲದ ಕಾಯಿಲೆಯ ಎದುರು ವಹಿಸಿದ ಎಚ್ಚರವಾಗಿತ್ತು. ಅಂಡಾಣು ಅಥವಾ ವೀರ್ಯಾಣುಗಳ ಮೂಲಕ ಅದು ಹರಡುತ್ತದೆಂದು ಆಮೇಲೂ ಕಂಡುಬರಲಿಲ್ಲ.

ಗರ್ಭ ನಿಂತ ಮೇಲೆ ಮತ್ತು ಹೆರಿಗೆಯ ದಿನ

ಸೋಂಕಿಲ್ಲದ ಸಂಗಾತಿಗೆ ಪ್ರತಿ ಪ್ರಯತ್ನದ ನಂತರವೂ, ಗರ್ಭ ನಿಂತಿರಲಿ ಇಲ್ಲದಿರಲಿ, ಮರುಪರೀಕ್ಷೆ ಆಗಬೇಕು. ಗರ್ಭಿಣಿಯಾಗಿರುವಾಗಲೇ ಹೊಸದಾಗಿ ಎಚ್‌ಐವಿ ತಗುಲಿದರೆ ವೈರಸ್ ಪ್ರಮಾಣ ಒಮ್ಮೆಲೇ ಏರುವುದರಿಂದ ಮಗುವಿಗೆ ಅಪಾಯ ಹೆಚ್ಚು. ಗರ್ಭಧಾರಣೆಯ ಕೇಂದ್ರದ ಕಡತ ಹೆರಿಗೆ ಆಸ್ಪತ್ರೆಗೆ ತಾನಾಗಿ ತಲುಪುವುದಿಲ್ಲ. ಸೋಂಕಿನ ವರದಿ, ವೈರಲ್ ಲೋಡ್, ಔಷಧದ ಪಟ್ಟಿ ಇಷ್ಟನ್ನೂ ನೀವೇ ಒಯ್ಯಬೇಕು.

ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಮಗು ಹುಟ್ಟಿದ 12 ಗಂಟೆಯೊಳಗೆ ಲಸಿಕೆಯ ಮೊದಲ ಡೋಸನ್ನೂ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಬೇರೆ ಬೇರೆ ತೊಡೆಗೆ ಕೊಡಬೇಕು. ಹುಟ್ಟುವಾಗ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ. 90 ಮಂದಿಗೆ ಅದು ದೀರ್ಘಕಾಲ ಉಳಿಯುವುದರಿಂದ ಈ 12 ಗಂಟೆಗೆ ಬೆಲೆಯಿದೆ. ಹೆರಿಗೆ ರಾತ್ರಿಯೋ ರಜಾದಿನವೋ ಆಗಬಹುದು. ಇಮ್ಯುನೊಗ್ಲಾಬ್ಯುಲಿನ್ ಆಸ್ಪತ್ರೆಯಲ್ಲಿ ದಾಸ್ತಾನಿದೆಯೇ ಎಂದು ಒಂಬತ್ತನೆಯ ತಿಂಗಳ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

ಮಗುವಿನ ವರದಿಗೂ ತಾರೀಖಿನ ಲೆಕ್ಕವಿದೆ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರಬಹುದಾದ್ದರಿಂದ ಎಚ್‌ಐವಿ ಮತ್ತು ಹೆಪಟೈಟಿಸ್ ಸಿಗೆ ಅದಕ್ಕೆ ಮುಂಚೆ ಪ್ರತಿಕಾಯ ಪರೀಕ್ಷೆ ಮಾಡಿಸಿ ಗಾಬರಿಯಾಗಬೇಡಿ. ಆ ವಯಸ್ಸಿನಲ್ಲಿ ವೈರಸ್ಸನ್ನೇ ನೋಡುವ ಪಿಸಿಆರ್ ಪರೀಕ್ಷೆಯನ್ನು ಕೇಳಿ. ಹೆಪಟೈಟಿಸ್ ಬಿಗೆ ಲಸಿಕೆಯ ಸುತ್ತು ಮುಗಿದ ನಂತರ, 9ರಿಂದ 12 ತಿಂಗಳ ನಡುವೆ, ಎಚ್‌ಬಿಎಸ್‌ಎಜಿ ಮತ್ತು ಆ್ಯಂಟಿ‑ಎಚ್‌ಬಿಎಸ್ ಎರಡನ್ನೂ ಒಟ್ಟಿಗೆ ಮಾಡಿಸಿ. ಅದಕ್ಕಿಂತ ಮೊದಲು ಮಾಡಿಸಿದರೆ, ಹುಟ್ಟಿದ ದಿನ ಕೊಟ್ಟ ಚುಚ್ಚುಮದ್ದಿನ ಪ್ರತಿಕಾಯವೇ ಲಸಿಕೆಯ ಫಲದಂತೆ ಕಾಣಿಸಬಹುದು.